ನಮ್ಮ ಮೂರುಗಾಲಿಯ ಕೆಮ್ಮು

ಇಪ್ಪತ್ತು ವರ್ಷ ಮಾಸ್ತರಿಕೆ ಮಾಡಿದವನ ಬಾಯಿಂದ ‘ನನಗೆ ಗೊತ್ತಿಲ್ಲ’ ಎನ್ನುವ ಮಾತು ಸುಲಭಕ್ಕೆ ಹೊರಡುವುದಿಲ್ಲ. ದಾರಿಯಲ್ಲಿ ಯಾರಾದರೂ ನಿಲ್ಲಿಸಿ ಇಂಥವರ ಮನೆ ಎಲ್ಲಿ ಎಂದು ಕೇಳಿದರೆ, ನಾನು ಹೆಸರೇ ಕೇಳಿರದ ಮನುಷ್ಯನ ಮನೆಗೂ ಎಡಕ್ಕೆ ಹೋಗಿ ಬಲಕ್ಕೆ ತಿರುಗಿ ಎಂದು ದಾರಿ ಹೇಳಿ ಕಳಿಸಿದ್ದೇನೆ. ಅವರು ಎಲ್ಲಿ ಮುಟ್ಟಿದರೋ ದೇವರಿಗೇ ಗೊತ್ತು. ನಾನು ಇಂಡಿ ಊರಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ನಾಲ್ಕು ಸ್ಟ್ರೋಕಿನ ಎಂಜಿನ್ನಿನ ಚಿತ್ರವನ್ನು ಪುಸ್ತಕ ನೋಡದೆ ಬೋರ್ಡಿನ ಮೇಲೆ ಬರೆದು, ಬಾಣದ ಗುರುತು ಹಾಕಿ, ಕಿಡಿ ಎಲ್ಲಿ ಹಾರುತ್ತದೆ ಎಂದು ಕೆಂಪು ಚಾಕ್‌ಪೀಸಿನಲ್ಲಿ ತೋರಿಸಬಲ್ಲೆ. ನಮ್ಮ ತೋಟದ್ದೇ ನಿಂಬೆಹಣ್ಣು ಒಯ್ದು, ಅವಕ್ಕೆ ತಾಮ್ರದ ತಂತಿ, ಮೊಳೆ ಚುಚ್ಚಿ, ಸಣ್ಣ ದೀಪ ಹೊತ್ತಿಸಿಯೂ ತೋರಿಸುತ್ತೇನೆ. ಹುಡುಗರು ಚಪ್ಪಾಳೆ ತಟ್ಟುತ್ತಾರೆ. ಇಷ್ಟೆಲ್ಲ ಪಾಂಡಿತ್ಯ ಇದ್ದವನನ್ನು ಒಂದು ಹಳೆಯ ಗಾಡಿ ಆರು ತಿಂಗಳು ಆಟ ಆಡಿಸಿತು ಎನ್ನುವುದನ್ನು ಒಪ್ಪಿಕೊಳ್ಳುವುದಕ್ಕೇ ಈ ಬರಹ.

ಗಾಡಿ ಎಂದರೆ ಯಾವುದೋ ಷೋರೂಮಿನಿಂದ ಬಂದದ್ದಲ್ಲ. ಮುಂದೆ ಅರ್ಧ ಹಳೆಯ ಮೋಟಾರ್ ಸೈಕಲ್, ಹಿಂದೆ ಎರಡು ದಪ್ಪ ಗಾಲಿಯ ಟ್ರಾಲಿ; ಎರಡನ್ನೂ ಯಾರೋ ವೆಲ್ಡಿಂಗಿನವನು ಗಂಟು ಹಾಕಿದ್ದ. ಚಡಚಣದ ಒಬ್ಬರು ದ್ರಾಕ್ಷಿ ತೋಟದವರು ಗೊಬ್ಬರ, ಔಷಧದ ಡ್ರಮ್ಮು ಹೇರಿಕೊಂಡು ಸಾಲುಗಳ ನಡುವೆ ಓಡಿಸುತ್ತಿದ್ದರು. ಅವರು ಹೊಸದನ್ನು ತಂದಾಗ ಹಳೆಯದು ನನ್ನ ಪಾಲಿಗೆ ಬಂತು. ನಾನು ಅದನ್ನು ಕೊಂಡದ್ದು ಗೊಬ್ಬರಕ್ಕಲ್ಲ, ನಮ್ಮ ಅವ್ವನಿಗಾಗಿ. ಹೊರ್ತಿಯ ನಮ್ಮ ಮನೆಯಿಂದ ಸ್ವಲ್ಪ ದೂರ ಡಾಂಬರು ರಸ್ತೆ. ಆಮೇಲೆ ಎರೆಮಣ್ಣಿನ ಬಂಡಿ ದಾರಿ, ನಡುವೆ ಒಂದು ಹಳ್ಳ, ಹಳ್ಳ ದಾಟಿದರೆ ನಮ್ಮ ನಿಂಬೆ ತೋಟ. ಆ ದಾರಿಗೆ ಕಾರು ಇಳಿಯುವುದಿಲ್ಲ, ಆಟೋದವರು ಕೈಮುಗಿದು ವಾಪಸ್ ಹೋಗುತ್ತಾರೆ. ತೋಟದ ಒಂದೊಂದು ಗಿಡವನ್ನೂ ಅವ್ವ ತನ್ನ ಕೈಯಿಂದ ನೆಟ್ಟು, ಕೊಡದಲ್ಲಿ ನೀರು ಹೊತ್ತು ಬೆಳೆಸಿದ್ದಾಳೆ. ಈಗ ಅವಳ ಮೊಣಕಾಲು ಹತ್ತು ಹೆಜ್ಜೆಗೆ ಸೋಲುತ್ತವೆ. ಟ್ರಾಲಿಯಲ್ಲಿ ಕೌದಿ ಹಾಸಿ, ದಿಂಬು ಇಟ್ಟು ಕೂಡಿಸಿದ ಮೊದಲ ದಿನ ಅವ್ವ ಊರ ಜನರನ್ನೆಲ್ಲ ಮಾತಾಡಿಸುತ್ತ ಹೋದಳು. ನನಗೆ ಮಾತ್ರ ಹಿಂದೆ ಕೂತ ಆ ಮುದುಕಿಯ ಭಾರ ಬೆನ್ನ ಮೇಲೆ ಕೂತಂತಾಗಿ, ಹಳ್ಳ ದಾಟುವವರೆಗೆ ಉಸಿರು ಬಿಡಲಿಲ್ಲ.

ಮುಂದೆ ಬಂದ ಅಮಾವಾಸ್ಯೆಗೆ ಗಾಡಿ ತೊಳೆದು, ಕುಂಕುಮ ಹಚ್ಚಿ, ಕಬ್ಬಿಣದ ತಂತಿಯಲ್ಲಿ ಮೆಣಸಿನಕಾಯಿ, ನಿಂಬೆಹಣ್ಣು ಪೋಣಿಸಿ ಕಟ್ಟಿದೆ. ನಮ್ಮ ಕಡೆ ಗಾಡಿ ಇದ್ದವರೆಲ್ಲ ಪ್ರತಿ ಅಮಾವಾಸ್ಯೆಗೆ ಹಳೆಯದು ಬಿಚ್ಚಿ ಹೊಸದು ಕಟ್ಟುತ್ತಾರೆ. ಯಾರ ಕಣ್ಣೂ ಬೀಳಬಾರದು ಅಂತ. ಆದರೆ ಉಳಿದವರು ಎದುರಿಗೆ ಹ್ಯಾಂಡಲ್ಲಿಗೋ ದೀಪದ ಬಳಿಯೋ ಕಟ್ಟುತ್ತಾರೆ. ನಾನು ವಿಜ್ಞಾನದ ಮಾಸ್ತರ. ‘ದೃಷ್ಟಿಗಿಷ್ಟಿ ಎಲ್ಲಾ ಸುಳ್ಳು’ ಎಂದು ತರಗತಿಯಲ್ಲಿ ಗಂಟಲು ಹರಿದುಕೊಂಡವನು. ಸಹೋದ್ಯೋಗಿಗಳು ನೋಡಿದರೆ ನನ್ನ ಮರ್ಯಾದೆ ಏನಾಗಬೇಕು? ಅದಕ್ಕೆ ಪೆಟ್ರೋಲ್ ಟ್ಯಾಂಕಿನ ಕೆಳಗೆ, ಎಂಜಿನ್ನಿನ ಮುಂದಿನ ಸರಳಿಗೆ, ಹೊರಗೆ ಕಾಣದ ಹಾಗೆ ಕಟ್ಟಿದೆ. ಒಬ್ಬಿಬ್ಬರು ಬಗ್ಗಿ ನೋಡಿ ಕೇಳಿದಾಗ, ‘ಏನ್ ಮಾಡೋದ್ರಿ, ನಮ್ಮವ್ವನ ಸಮಾಧಾನಕ್ಕ’ ಎಂದು ನಕ್ಕು ಪಾರಾದೆ.

ಅಲ್ಲಿಂದಲೇ ಗಾಡಿಗೆ ಕೆಮ್ಮು ಶುರುವಾಯಿತು. ಡಾಂಬರಿನ ಮೇಲೆ ಸಾಧುವಾಗಿ ಓಡುತ್ತಿತ್ತು. ಬಂಡಿ ದಾರಿಗೆ ಇಳಿದ ಕೂಡಲೇ ಒಂದು ಸಲ ಬಿಕ್ಕಿ, ಎರಡು ಸಲ ಜಗ್ಗಿ, ಹಿಂದಿನಿಂದ ‘ಢಂ’ ಎಂದು ಹೊಗೆ ಬಿಡುತ್ತಿತ್ತು. ಮಿಸ್ ಹೊಡೆಯುತ್ತದೆ ಎನ್ನುತ್ತಾರಲ್ಲ, ಅದು. ಕೆಲವು ದಿನ ಹೀಗೆ ಕಾಡಿ ತಾನೇ ಸರಿಹೋಗುತ್ತಿತ್ತು. ಮತ್ತೆ ಕೆಲವು ದಿನಕ್ಕೆ ಶುರು. ನಾನು ಸುತ್ತಲಿನ ತಾಲ್ಲೂಕಿನ ಬಂಧುಬಳಗವನ್ನು ಫೋನಿನಲ್ಲಿ ವಿಚಾರಿಸಿದೆ. ಪೆಟ್ರೋಲಿನಲ್ಲಿ ನೀರು ಸೇರಿದೆ ಎಂದರು ಸಿಂದಗಿಯ ಭಾವ. ಮುದ್ದೇಬಿಹಾಳದ ಷಡ್ಡಕ, ಕಾರ್ಬೋರೇಟರ್ ಬಿಚ್ಚಿ ಒಲೆಯ ಹತ್ತಿರ ಒಣಗಿಸಬೇಕು ಎಂದ. ನನ್ನ ಹೆಂಡತಿ ಒಲೆಯ ಕಡೆ ಸುಳಿಯಗೊಡಲಿಲ್ಲ. ಬಸವನ ಬಾಗೇವಾಡಿಯ ಗೆಳೆಯನೊಬ್ಬ ಶಬ್ದ ಕೇಳಿಸು ಎಂದು ಫೋನನ್ನು ಎಂಜಿನ್ನಿಗೆ ಹಿಡಿಸಿ, ಪೂರ್ತಿ ಕೇಳಿ, ‘ಮಾರಿ ಬಿಡು’ ಎಂದ.

ನಿಜವಾಗಿ ದುಡಿದವರು ನಮ್ಮೂರ ಸ್ಟ್ಯಾಂಡಿನ ಹತ್ತಿರ ಗ್ಯಾರೇಜು ಇಟ್ಟ ರಾಜೇಸಾಬ ಮಿಸ್ತ್ರಿ. ಐವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ. ಪ್ಲಗ್ ಬದಲಿಸಿದರು, ಕಾಯಿಲ್ ಬದಲಿಸಿದರು, ಕಾರ್ಬೋರೇಟರ್ ತೊಳೆದರು. ಪ್ರತಿ ಸಲವೂ ಟ್ಯಾಂಕು ಎತ್ತುವ ಮೊದಲು ಅವರು ಮಾಡುತ್ತಿದ್ದ ಒಂದು ಕೆಲಸ ನನಗೆ ಬಹಳ ಹಿಡಿಸುತ್ತಿತ್ತು. ಗ್ರೀಸಿನ ಕೈಯನ್ನು ಸೋಪು ಹಚ್ಚಿ ತೊಳೆದು, ಒರೆಸಿ, ನಿಂಬೆಹಣ್ಣಿನ ತಂತಿಯನ್ನು ಮೆತ್ತಗೆ ಬಿಚ್ಚಿ, ಒಂದು ಸ್ವಚ್ಛ ಅರಿವೆಯ ಮೇಲೆ ಇಡುತ್ತಿದ್ದರು. ರಿಪೇರಿಯಾದ ಮೇಲೆ ಎದುರಿನ ಕಲ್ಲುಮಣ್ಣಿನ ಬಯಲಿನಲ್ಲಿ ಗಾಡಿಯನ್ನು ಎಗರಿಸಿ ಎಗರಿಸಿ ಓಡಿಸುವರು. ಕೆಮ್ಮಿನ ಸುಳಿವೇ ಇಲ್ಲ! ಆಮೇಲೆ ಮತ್ತೆ ಕೈ ತೊಳೆದು, ‘ಮಾಸ್ತರ್ರ, ನಿಮ್ಮ ಪೂಜಿ ಹಣ್ಣ ಎಲ್ಲಿತ್ತೋ ಅಲ್ಲೇ ಕಟ್ಟೇನಿ ನೋಡ್ರಿ’ ಎನ್ನುವರು. ಇಂಥ ಸಂಭಾವಿತರು ಸಿಗಬೇಕಾದರೆ ಪುಣ್ಯ ಮಾಡಿರಬೇಕು ಎಂದುಕೊಂಡು ಹೊರಡುತ್ತಿದ್ದೆ. ಬಂಡಿ ದಾರಿಗೆ ಇಳಿದರೆ ಮತ್ತೆ ಢಂ.

ಅವ್ವ ಒಂದು ದಿನ ಟ್ರಾಲಿಯಿಂದಲೇ ಹೇಳಿದಳು: ‘ಯಪ್ಪಾ, ಅಮಾಸಿ ಆದ ಮ್ಯಾಲ ಎಂಟ ದಿನ ಕೆಮ್ಮತೈತಿ ನೋಡು. ಹಸಿ ಹಣ್ಣ ಇರೂತನಾ. ಒಣಗಿತಂದ್ರ ಸುಮ್ಮ ಓಡ್ತೈತಿ.’

ನಾನು ನಕ್ಕುಬಿಟ್ಟೆ. ‘ಯವ್ವಾ, ಎಂಜಿನ್ನಿಗೆ ಅಮಾಸಿ, ಹುಣ್ಣಿವಿ ಗೊತ್ತಾಗ್ತೈತೇನ? ಇಂಥಾ ಮೂಢನಂಬಿಕಿ ಬಿಡು’ ಎಂದು, ಗಾಡಿ ತಳ್ಳುತ್ತಲೇ ಅರ್ಧ ಪೀರಿಯಡ್ಡಿನ ಪಾಠ ಮಾಡಿದೆ. ಮುಂದಿನ ಅಮಾವಾಸ್ಯೆಗೆ ನಾನು ತೋಟದಲ್ಲಿ ಹುಡುಕಿ ಹುಡುಕಿ ಎರಡು ದಪ್ಪ, ರಸಭರಿತ ಹಣ್ಣು ತಂದು ಕಟ್ಟಿದೆ.

ಮರುದಿನವೇ ಗಾಡಿ ಹಳ್ಳದ ನಟ್ಟನಡುವೆ ನಿಂತುಬಿಟ್ಟಿತು. ಒದ್ದರೂ ಶುರುವಾಗಲಿಲ್ಲ. ಮೇಲೆ ಬಿಸಿಲು, ಫೋನಿಗೆ ಸಿಗ್ನಲ್ ಇಲ್ಲ, ಅವ್ವನನ್ನು ಬಿಟ್ಟು ಹೋಗುವಂತಿಲ್ಲ, ಎತ್ತಿಕೊಂಡು ನಡೆಯುವ ತಾಕತ್ತು ನನಗಿಲ್ಲ. ಯಾರದೋ ಎತ್ತಿನ ಚಕ್ಕಡಿ ಬಂದು ಗಾಡಿಯನ್ನು ಎಳೆಯುವವರೆಗೆ ಎರಡು ತಾಸು ಅವಳು ತಲೆಯ ಮೇಲೆ ಸೆರಗು ಹೊದ್ದು ಕೂತಿದ್ದಳು. ಮುಖ ಬಾಡಿಹೋಗಿತ್ತು. ನನಗೆ ಆ ದಿನ ನಿಜವಾಗಿ ಹೆದರಿಕೆಯಾಯಿತು. ಮನೆಗೆ ಬಂದವನೇ, ‘ಇನ್ನ ತ್ವಾಟದ ಸುದ್ದಿ ತಗೀಬ್ಯಾಡ ಯವ್ವಾ. ಗಾಡಿ ಕೊಟ್ಟಬಿಡ್ತೇನಿ’ ಎಂದು ಚಡಚಣದ ಒಬ್ಬ ಗುಜರಿಯವನಿಗೆ ಫೋನು ಮಾಡಿದೆ. ಭಾನುವಾರ ಬಂದು ಒಯ್ಯುತ್ತೇನೆ ಎಂದ. ಅವ್ವ ಆ ದಿನದಿಂದ ಅರ್ಧ ರೊಟ್ಟಿಗೇ ಕೈ ತೊಳೆಯತೊಡಗಿದಳು. ಕೇಳಿದರೆ, ‘ಕುಂತಲ್ಲೇ ಕುಂತರ ಹಸಿವಿ ಎಲ್ಲಿಂದ ಬರ್ತೈತಿ’ ಎನ್ನುವಳು.

ಶುಕ್ರವಾರ ನಮಾಜು ಮುಗಿಸಿ ರಾಜೇಸಾಬರು ಮನೆಗೆ ಬಂದರು. ಗಾಡಿ ಕೊಡುವ ಸುದ್ದಿ ಕಿವಿಗೆ ಬಿದ್ದಿತ್ತು. ‘ಮಾಸ್ತರ್ರ, ಕೊಡೂದಾದ್ರ ಕೊಡ್ರಿ. ಆದ್ರ ಸೋತೆ ಅಂತ ಕೊಡೂದ ಬ್ಯಾಡ. ನಾ ಒಮ್ಮೆ ಯವ್ವಾರ ಸಂಗಾಟ ಟ್ರಾಲಿಯಾಗ ಕುಂತ ಬರ್ತೇನಿ’ ಎಂದು, ಸಾಮಾನಿನ ಡಬ್ಬಿ ಹಿಡಿದು ಅವ್ವನ ಎದುರಿಗೆ ಕೂತರು.

ಬಂಡಿ ದಾರಿ ಬಂತು. ಕೆಮ್ಮು ಬಂತು. ಹಿಂದೆ ಅವ್ವ ಮಿಸ್ತ್ರಿಗೆ ತನ್ನ ಅಮಾವಾಸ್ಯೆಯ ಲೆಕ್ಕ ಹೇಳುತ್ತಿದ್ದಳು. ನನಗೆ ನಾಚಿಕೆ. ರಾಜೇಸಾಬರು ನಗುತ್ತಾರೆ ಎಂದುಕೊಂಡೆ. ಅವರು ನಗಲಿಲ್ಲ. ‘ಹಸಿ ಹಣ್ಣ ಇದ್ದಾಗ ಅಷ್ಟ ಏನ್ರಿ ಯವ್ವಾ? ಒಣಗಿದ ಮ್ಯಾಲ ಇಲ್ಲಾ?’ ಎಂದು ಎರಡು ಸಲ ಕೇಳಿದರು. ಆಮೇಲೆ, ‘ಮಾಸ್ತರ್ರ, ನಿಲ್ಲಸ್ರಿ. ಬಂದ್ ಮಾಡಬ್ಯಾಡ್ರಿ’ ಎಂದು ಕೆಳಗಿಳಿದು, ಹೆಗಲ ಮೇಲಿನ ಟವೆಲನ್ನು ಎಂಜಿನ್ನಿನ ಮೇಲೆ ಮರೆಯಾಗಿ ಹಿಡಿದು, ಗಾಡಿಯನ್ನು ಕೈಯಿಂದ ಅಲ್ಲಾಡಿಸಿದರು. ಆ ನೆರಳಿನಲ್ಲಿ ಪ್ಲಗ್ಗಿನ ವೈರಿನಿಂದ ನಿಂಬೆಹಣ್ಣಿಗೆ ನೀಲಿ ಕಿಡಿ ಚಟ್ ಚಟ್ ಎಂದು ಹಾರುತ್ತಿತ್ತು.

ನನಗೆ ನಂಬಿಕೆಯಾಗಲಿಲ್ಲ. ಇಪ್ಪತ್ತು ವರ್ಷ ನಿಂಬೆಹಣ್ಣಿನಲ್ಲಿ ಕರೆಂಟು ಹರಿಯುತ್ತದೆ ಎಂದು ಕಲಿಸಿದ ನಾನು, ‘ಹಣ್ಣಿನ್ಯಾಗ ಹೆಂಗ್ ಸಾಧ್ಯ ಐತ್ರಿ?’ ಎಂದು ಬೆರಳು ಚಾಚಿ ಹಣ್ಣನ್ನು ಮುಟ್ಟಿದೆ. ಮುಂದಿನ ಕ್ಷಣದಲ್ಲಿ ನಾನು ಎರೆಮಣ್ಣಿನ ಮೇಲೆ ಕೂತಿದ್ದೆ. ಭುಜದವರೆಗೆ ಕೈ ಜುಮ್ಮೆನ್ನುತ್ತಿತ್ತು. ವಾರದಿಂದ ನಗದೇ ಇದ್ದ ಅವ್ವ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು.

ಆಗಿದ್ದಿಷ್ಟೇ. ಕಾಯಿಲ್ ಬದಲಿಸಿದರೂ ಪ್ಲಗ್ಗಿನ ವೈರು ಹಳೆಯದೇ ಉಳಿದು, ಮೇಲಿನ ರಬ್ಬರು ಒಂದು ಕಡೆ ಸೀಳಿತ್ತು. ನಾನು ಕಟ್ಟಿದ ಹಸಿ ಹಣ್ಣು ಕುಲುಕಿದಾಗೆಲ್ಲ ಅಲ್ಲಿಗೆ ಹೋಗಿ ಬಡಿಯುತ್ತಿತ್ತು. ಎಂಜಿನ್ನಿಗೆ ಹೋಗಬೇಕಾದ ಕರೆಂಟನ್ನು ಹಣ್ಣು ಕುಡಿದು, ಕಬ್ಬಿಣದ ತಂತಿಗೆ ದಾಟಿಸಿ, ಗಾಡಿಯ ಮೈಗೆ ಹರಿಸುತ್ತಿತ್ತು. ಹಣ್ಣು ಒಣಗಿದರೆ ಕರೆಂಟಿಗೆ ದಾರಿಯಿಲ್ಲ, ಕೆಮ್ಮೂ ಇಲ್ಲ. ರಾಜೇಸಾಬರು ಹಣ್ಣು ಬಿಚ್ಚಿಟ್ಟು ಓಡಿಸುತ್ತಿದ್ದರಲ್ಲ, ಅವರ ಕೈಯಲ್ಲಿ ಗಾಡಿಗೆ ರೋಗವೇ ಇರುತ್ತಿರಲಿಲ್ಲ. ಆಮೇಲೆ ಕೈ ತೊಳೆದು, ರೋಗವನ್ನು ಭಕ್ತಿಯಿಂದ ಮತ್ತೆ ಕಟ್ಟಿ ಕಳಿಸುತ್ತಿದ್ದರು.

ಅವರು ಹಣೆಗೆ ಕೈ ಹಚ್ಚಿಕೊಂಡರು. ವೈರಿಗೆ ಟೇಪು ಸುತ್ತಿ, ಡಬ್ಬಿಯೊಳಗಿನ ಬಾಟಲಿಯ ನೀರಿನಲ್ಲಿ ಕೈ ತೊಳೆದು, ಹಣ್ಣು ಹಿಡಿದು ಅವ್ವನ ಮುಂದೆ ನಿಂತರು. ‘ಯವ್ವಾ, ಇನ್ನ ಇದನ್ನ ಎಲ್ಲಿ ಕಟ್ಟಲ್ರಿ?’

‘ನನಗ್ಯಾಕ ಕೇಳ್ತಿ ರಾಜೇಸಾಬ? ಕಟ್ಟಾಂವ ಅಂವ’ ಎಂದಳು ಅವ್ವ. ‘ನಾ ಎಂದೂ ಕಟ್ಟ ಅಂದಿಲ್ಲ. ದೊಡ್ಡ ಸಾಲಿ ಕಲ್ತಾಂವ, ಏನೋ ನಂಬ್ಯಾನ. ಬ್ಯಾಡ ಅಂದ್ರ ಮನಸಿಗಿ ನೋವಾದೀತಂತ ಸುಮ್ಮನಿದ್ದೆ.’

‘ನಾನೂ ಹಂಗ ಅಂದ್ಕೊಂಡಿದ್ನಿರಿ’ ಎಂದರು ರಾಜೇಸಾಬರು, ನನ್ನ ಮುಖ ನೋಡದೆ.

ಕೇಳಿದವರಿಗೆಲ್ಲ ಅವ್ವನ ಹೆಸರು ಹೇಳಿದ್ದೆ. ನಿಜ ಏನೆಂದರೆ, ಅವಳು ಹಿಂದೆ ಕೂತ ಮೊದಲ ದಿನದಿಂದ ನನ್ನ ಜೀವ ನನ್ನ ಕೈಯಲ್ಲಿರಲಿಲ್ಲ. ಆ ಹೆದರಿಕೆಗೆ ನನ್ನ ವಿಜ್ಞಾನದಲ್ಲಿ ಔಷಧ ಇರಲಿಲ್ಲ. ಅದನ್ನು ಅವಳೂ ಬಲ್ಲಳು, ಮಿಸ್ತ್ರಿಯೂ ಬಲ್ಲರು. ಇಬ್ಬರೂ ನನ್ನ ಮರ್ಯಾದೆ ಉಳಿಸಲು ಆರು ತಿಂಗಳು ಬಿಸಿಲಲ್ಲಿ ಬೆಂದಿದ್ದರು. ಅವರಿಬ್ಬರ ಋಣ ತೀರಿಸುವ ದಾರಿ ನನಗೆ ಗೊತ್ತಿಲ್ಲ. ನೋಡಿ, ಕೊನೆಗೂ ಆ ಮಾತು ಬಾಯಿಂದ ಬಂತು.

ಗುಜರಿಯವನಿಗೆ ಬರಬೇಡ ಎಂದು ಫೋನು ಮಾಡಿದೆ. ಅವ್ವ ಆ ದಿನ ತೋಟದಲ್ಲೇ ಎರಡು ರೊಟ್ಟಿ ಉಂಡು, ಮೂರನೆಯದರಲ್ಲಿ ಅರ್ಧ ರಾಜೇಸಾಬರಿಗೆ ಮುರಿದು ಕೊಟ್ಟಳು. ಗಾಡಿ ಈಗ ಹಳ್ಳದಲ್ಲೂ ಗಟ್ಟಿಯಾಗಿ ಓಡುತ್ತದೆ. ಮೊನ್ನೆ ಮತ್ತೆ ಅಮಾವಾಸ್ಯೆ ಬಂತು. ನಾನು ಗಾಡಿ ತೊಳೆದೆ, ಕುಂಕುಮ ಹಚ್ಚಿದೆ, ಮತ್ತೆ ಒಂದು ಒಳ್ಳೆಯ ಹಣ್ಣು ಆರಿಸಿ, ಈ ಸಲ ಎಲ್ಲರಿಗೂ ಕಾಣುವಂತೆ ಹ್ಯಾಂಡಲ್ಲಿಗೇ ಕಟ್ಟಿದೆ. ಆದರೆ ಕಬ್ಬಿಣದ ತಂತಿ ಬಿಟ್ಟು ನೂಲಿನ ದಾರದಲ್ಲಿ ಕಟ್ಟಿದ್ದೇನೆ. ಇಪ್ಪತ್ತು ವರ್ಷ ವಿಜ್ಞಾನ ಕಲಿಸಿದ್ದಕ್ಕೆ ನನ್ನಲ್ಲಾದ ಸುಧಾರಣೆ ಇಷ್ಟು.