ಬೆಳಕಿಂಡಿಯಲ್ಲಿ ಕರಿಗರುಡ

ಅಬ್ಬಿಗೇರಿಯ ಗುರುಸಂಗಪ್ಪ ಆ ಭಾನುವಾರ ಬೆಳಿಗ್ಗೆ ಚಹಾದ ಕಪ್ಪು ಕೆಳಗಿಡುವ ಮೊದಲೇ ಹೆಂಡತಿಯ ಮುಂದೆ ಘೋಷಿಸಿಬಿಟ್ಟ: "ಇವತ್ತ ಸಿನಿಮಾ ಮುಗಿಯೂದ್ರಾಗ, ಪುಸ್ತಕಕ್ಕಿಂತ ಸಿನಿಮಾನ ಚಲೋ ಅಂತ ನಿನ್ನ ಬಾಯಿಲೆ ಅನಸ್ತೇನಿ. ಅನಸಲಿಲ್ಲಂದ್ರ ನನ್ನ ಹೆಸರ ಗುರುಸಂಗಪ್ಪ ಅಲ್ಲ!"

ರೋಣದ ಪೇಟೆಯಲ್ಲಿ ಕಡಲೆ ವ್ಯಾಪಾರ ಮಾಡುವ, ವಯಸ್ಸಿನಲ್ಲಿ ನಲವತ್ತೆಂಟು, ತೂಕದಲ್ಲಿ ಎಂಬತ್ತೆಂಟು ದಾಟಿದ ಈ ಮಹಾನುಭಾವನಿಗೆ ಜಗತ್ತಿನಲ್ಲಿ ದೊಡ್ಡವರು ಇಬ್ಬರೇ. ಒಬ್ಬ ಮನೆದೇವರು, ಇನ್ನೊಬ್ಬ ಸಿನಿಮಾದ ಕರಿಗರುಡ. ಕರಿ ಮುಸುಕು ಹಾಕಿ ಆಕಾಶದಲ್ಲಿ ಹಾರುವ ಆ ವೀರನ ಮೊದಲ ಭಾಗವನ್ನು ಐದು ಸಲ ನೋಡಿದ್ದ. ಎರಡನೆಯ ಭಾಗ ಈಗ ಗದುಗಿಗೆ ಬಂದಿತ್ತು. ಮಧ್ಯಾಹ್ನದ ಆಟಕ್ಕೆ ಎರಡು ಟಿಕೆಟು ತೆಗೆಸಿಯಾಗಿತ್ತು. ಹನ್ನೊಂದರ ಬಸ್ಸು ತಪ್ಪಿದರೆ ಆಟ ತಪ್ಪಿದಂತೆಯೇ.

ಹೆಂಡತಿ ರೇಣುಕವ್ವ ಮಾತ್ರ ಕರಿಗರುಡ ಹುಟ್ಟಿದ ಮೂಲ ಕಾದಂಬರಿಯನ್ನೇ ಎರಡು ಸಲ ಓದಿ ಮುಗಿಸಿದ್ದಳು. ನಾನೂರು ಪುಟದ ಆ ಪುಸ್ತಕ ಸದಾ ರೊಟ್ಟಿಬುಟ್ಟಿಯ ಪಕ್ಕದಲ್ಲೇ ಇರುತ್ತಿತ್ತು. ಗುರುಸಂಗಪ್ಪ ಅದನ್ನು ಮುಟ್ಟಿಯೂ ನೋಡಿರಲಿಲ್ಲ.

"ಹಾರೂ ಮನಷ್ಯಾನ್ನ ಕುಂತ ಓದೂದೇನು!" ಎನ್ನುವುದು ಅವನ ವಾದ.

ಒಣಮೆಣಸಿನಕಾಯಿ ಹರವಲೆಂದು ಗುರುಸಂಗಪ್ಪ ಮಣ್ಣಿನ ಮಾಳಿಗೆ ಹತ್ತಿದ. ಕೆಳಗೆ ಅಡುಗೆಮನೆಯಲ್ಲಿ ರೇಣುಕವ್ವ ರೊಟ್ಟಿ ಬಡಿಯುತ್ತಿದ್ದಳು. ನಡುವೆ ಒಂದು ಬೆಳಕಿಂಡಿ. ಹೊಗೆ ಹೊರಗೆ ಹೋಗಲಿ, ಬೆಳಕು ಒಳಗೆ ಬರಲಿ ಎಂದು ಅವನ ಅಜ್ಜ ಮಾಳಿಗೆಯಲ್ಲಿ ಬಿಡಿಸಿದ್ದು. ಗಂಡ ಹೆಂಡಿರ ಅರ್ಧ ಸಂಸಾರ ನಡೆಯುತ್ತಿದ್ದುದೇ ಆ ಕಿಂಡಿಯ ಮೂಲಕ.

"ಮಾಳಗಿ ಹರದು ಕೆಳಗಿಳೀತಾನ ನೋಡು, ಎರಡ ಸೆಕೆಂಡು! ಏನ್ ಗತ್ತು, ಏನ್ ಠೀವಿ!" ಎಂದ ಗುರುಸಂಗಪ್ಪ ಮೇಲಿನಿಂದ.

"ಪುಸ್ತಕದಾಗ ಹಂಗಿಲ್ರಿ. ಒಂಬತ್ತನೇ ಅಧ್ಯಾಯದಾಗ ಕ್ವಾಟಿ ಗ್ವಾಡಿ ಕಿಂಡ್ಯಾಗ ನಡಾ ಸಿಕ್ಕು ಅರ್ಧಾ ದಿನ ಜೋತಾಡ್ತಾನ."

"ಕರಿಗರುಡ ಸಿಕ್ಕೊಳ್ಳೂದಾ? ಅದಕ್ಕ ಸಿನಿಮಾದವರು ಅದನ್ನ ತಗದ ಒಗದಾರ. ಶ್ಯಾಣ್ಯಾ ಮಂದಿ!"

ಹತ್ತೂವರೆಗೆ ಇಳಿಯಲು ಹೋದರೆ ನಿಚ್ಚಣಿಕೆಯೇ ಇಲ್ಲ! ಓಣಿಗೆಲ್ಲ ಇರುವುದು ಒಂದೇ ನಿಚ್ಚಣಿಕೆ. ಒಯ್ಯುವವರು "ಮ್ಯಾಲ ಯಾರರ ಅದೀರೇನ್?" ಎಂದು ಕೂಗಿ ಒಯ್ಯಬೇಕು. ಎದುರುಮನೆಯ ಮುದುಕಿ ಫಕೀರವ್ವ ಧರ್ಮವಾಗಿ ಮೂರು ಸಲ ಕೂಗಿಯೇ ಒಯ್ದಿದ್ದಳು. ಕರಿಗರುಡನ ಠೀವಿಯ ಗುಂಗಿನಲ್ಲಿದ್ದವನಿಗೆ ಅದು ಕೇಳಿಸಬೇಕಲ್ಲ!

"ನಿಂದರ್ರಿ, ಕೈ ತೊಳಕೊಂಡು ನಾ ತರ್ತೇನಿ," ಎಂದಳು ರೇಣುಕವ್ವ.

"ಕರಿಗರುಡ ಎಂದಾದ್ರೂ ನಿಚ್ಚಣಿಕಿ ಹಾದಿ ಕಾದಾನೇನು? ಸರಿ ಅತ್ತಾಗ!"

ಎರಡು ಕಾಲು ಕಿಂಡಿಯೊಳಗೆ ಇಳಿದವು. ಸೊಂಟವೂ ಇಳಿಯಿತು. ಹೊಟ್ಟೆ ಮಾತ್ರ ಒಪ್ಪಲಿಲ್ಲ. ಕಿಂಡಿ ಬಿಡಿಸಿದ ಅಜ್ಜ ಕಡ್ಡಿಯಂತಿದ್ದ, ಪಾಪ. ಮೊಮ್ಮಗನ ಅಂದಾಜು ಅವನಿಗೆಲ್ಲಿ ಇರಬೇಕು?

ಎರಡು ಸೆಕೆಂಡು ಹೋಗಿ ಹತ್ತು ನಿಮಿಷವಾಯಿತು. ರೇಣುಕವ್ವ ಒಲೆಯ ಕಟ್ಟಿಗೆ ಎಳೆದು ನೀರು ಚಿಮುಕಿಸಿದಳು. ಎರಡು ಗಾದಿ ತಂದು ಕಿಂಡಿಯ ಕೆಳಗೆ ಹಾಸಿದಳು. ಅಷ್ಟರಲ್ಲಿ ಉಪ್ಪು ಕೇಳಲು ಬಂದ ಫಕೀರವ್ವ ಕಿಟಾರನೆ ಕಿರುಚಿದಳು.

"ಯವ್ವಾ! ರೇಣುಕಾ, ಮಾಳಗ್ಯಾಗಿಂದ ಕಾಲ ಬಂದಾವ!"

"ನಮ್ಮ ಮನಿಯವ್ರವ, ಚಿಗವ್ವಾ, ಅಂಜಬ್ಯಾಡ್ರಿ."

"ಅಯ್ಯ ನಮ್ಮಪ್ಪಾ! ನಿಚ್ಚಣಿಕಿ ತರ್ಲೇನು?"

"ಈಗ್ಯಾಕ?" ಎಂದವು ಕಾಲುಗಳು, ಸಿಟ್ಟಿನಿಂದ.

ಮೇಲಿನ ಅರ್ಧ ಗುರುಸಂಗಪ್ಪ ಓಣಿಗೆಲ್ಲ ದರ್ಶನ ಕೊಡುತ್ತಿದ್ದ. ಕೆಳಗೆ ಹಾದುಹೋಗುತ್ತಿದ್ದ ಗೆಳೆಯ ಮುತ್ತಣ್ಣ ಕತ್ತೆತ್ತಿ ಕೇಳಿದ, "ಏನಪಾ, ಬಿಸಲಾಗ ಕುಂತೀ?"

"ಹೂಂ... ಡಾಕ್ಟರ್ ಹೇಳ್ಯಾರ. ದಿನಾ ಅರ್ಧಾ ತಾಸು." ಸಿಕ್ಕಿಕೊಂಡಿದ್ದೇನೆ ಎಂದು ಹೇಳಿದರೆ ಕರಿಗರುಡನ ಮರ್ಯಾದೆ ಏನಾಗಬೇಕು! ಎದೆ ಇನ್ನಷ್ಟು ಉಬ್ಬಿಸಿ ಕುಳಿತ. ಕಿಂಡಿ ಇನ್ನಷ್ಟು ಬಿಗಿಯಿತು.

ಕೆಳಗಿನಿಂದ ಪುಟ ತಿರುವುವ ಸದ್ದು ಬಂತು. ರೇಣುಕವ್ವ ಗಟ್ಟಿಯಾಗಿ ಓದತೊಡಗಿದಳು:

"'ಎದೆ ಸೆಟೆಸಿದಷ್ಟೂ ಕಲ್ಲು ಬಿಗಿಯಿತು. ಕಡೆಗೆ ಅವನು ಹಮ್ಮು ಬಿಟ್ಟು, ಸಿಕ್ಕಿಬಿದ್ದಿದ್ದೇನೆ, ಯಾರಾದರೂ ಬನ್ನಿ ಎಂದು ಇದ್ದಬದ್ದ ಉಸಿರನ್ನೆಲ್ಲ ಹಾಕಿ ಕೂಗಿದ. ಉಸಿರು ಬರಿದಾಯಿತು, ಮೈ ಸಡಿಲಾಯಿತು.' ಕೇಳಿದ್ರಿಲ್ಲ? ಕೈ ಮ್ಯಾಲೆತ್ತಿ ಕೂಗ್ರಿ."

"ನಾ ಕೂಗಂಗಿಲ್ಲ!"

"ಹತ್ತೂ ನಲವತ್ತೈದಾತ್ರಿ."

ಬಸ್ಸು! ಟಿಕೆಟು! ಎರಡನೇ ಭಾಗ! ಗುರುಸಂಗಪ್ಪ ಕಣ್ಣು ಮುಚ್ಚಿದ, ಕೈ ಎತ್ತಿದ.

"ಮುತ್ತಣ್ಣಾ! ಡಾಕ್ಟರ್ ಏನೂ ಹೇಳಿಲ್ಲೋ! ನಾ ಸಿಕ್ಕೊಂಡೇನಿ! ಯಾರರ ಬರ್ರೋಓಓ!"

'ಓ' ಮುಗಿಯುವುದರೊಳಗೆ ಕರಿಗರುಡ ಗಾದಿಯ ಮೇಲಿದ್ದ. ಅಲ್ಲಿಂದ ಪುಟಿದು ಜೋಳದ ಹಿಟ್ಟಿನ ಪರಾತದಲ್ಲಿ ಮುಖ ಊರಿದ. ಎದ್ದಾಗ ಬಿಳಿಗರುಡನಾಗಿದ್ದ.

ಫಕೀರವ್ವ ನಕ್ಕು ನಕ್ಕು ಗೋಡೆಗೆ ಆತುಕೊಂಡಳು. ರೇಣುಕವ್ವ ನಗಲಿಲ್ಲ. ಸೆರಗಿನಿಂದ ಗಂಡನ ಮುಖ ಒರೆಸುತ್ತ ಅಂದಳು, "ಪುಸ್ತಕದ ಕರಿಗರುಡ ನನಗ್ಯಾಕ ಸೇರ್ತಾನ ಗೊತ್ತೇನ್ರಿ? ಹಾರ್ತಾನಂತ ಅಲ್ಲ. ಸಿಕ್ಕಾಗ ಸಿಕ್ಕೇನಿ ಅಂತ ಒಪ್ಕೊಂತಾನಲ್ಲ, ಅದಕ್ಕ."

ಗುರುಸಂಗಪ್ಪನಿಗೆ ನಾಚಿಕೆಯೂ ಆಯಿತು, ಹೆಂಡತಿಯ ಮೇಲೆ ಎಂದೂ ಇಲ್ಲದ ಅಭಿಮಾನವೂ ಉಕ್ಕಿತು. ಹೇಳಲು ಮಾತ್ರ ಪುರುಸೊತ್ತು ಎಲ್ಲಿದೆ? ಇಬ್ಬರೂ ಓಡಿದರು. ಬಸ್ಸು ಸಿಕ್ಕಿತು.

ಗದುಗಿನ ಥೇಟರಿನಲ್ಲಿ ಕರಿಗರುಡ ಮತ್ತೆ ಮಾಳಿಗೆ ಹರಿದು ಇಳಿದ. ಎರಡೇ ಸೆಕೆಂಡು! ಥೇಟರಿಗೆ ಥೇಟರೇ ಸಿಳ್ಳೆ ಹಾಕಿತು. ಗುರುಸಂಗಪ್ಪ ಮಾತ್ರ ಖುರ್ಚಿಯಿಂದ ಅರ್ಧ ಎದ್ದು ಅಬ್ಬರಿಸಿದ:

"ಸುಳ್ಳ! ಪುಸ್ತಕದಾಗ ಹಂಗಿಲ್ಲ!"

ರೇಣುಕವ್ವ ಕತ್ತಲಲ್ಲೇ ಸೆರಗು ಬಾಯಿಗೆ ಒತ್ತಿಕೊಂಡಳು. ಮುಂದಿನ ಸಾಲಿನ ಹಿರಿಯರೊಬ್ಬರು ಹಿಂತಿರುಗಿ ಗೌರವದಿಂದ ಕೇಳಿದರು, "ಪುಸ್ತಕ ಪೂರಾ ಓದೀರೇನ್ರಿ?"

ಗುರುಸಂಗಪ್ಪ ತರಚಿದ ಹೊಟ್ಟೆಯನ್ನು ಮೆಲ್ಲಗೆ ಸವರಿಕೊಂಡ.

"ಪೂರಾ ಇಲ್ರಿ. ಸದ್ಯೇಕ ಒಂಬತ್ತನೇ ಅಧ್ಯಾಯ ಅಷ್ಟ ಆಗೈತಿ."