ಹೆಲ್ಮೆಟ್ಟಿನೊಳಗಿನ ಅಣ್ಣ

ಹದಿನೇಳು ವರ್ಷ ಸಂಸಾರ ಮಾಡಿದ ಹೆಂಡತಿ ಮೊನ್ನೆ ನನ್ನನ್ನು ‘ಅಣ್ಣಾ’ ಎಂದು ಕರೆದಳು. ಅದೂ ಹಾಡುಹಗಲು, ಮನೆಯ ಹೊಸ್ತಿಲ ಮೇಲೆ ನಿಂತು. ಆ ಆಘಾತದಿಂದ ನಾನಿನ್ನೂ ಪೂರ್ತಿ ಹೊರಬಂದಿಲ್ಲ.

ತಪ್ಪು ನನ್ನದೇ. (ನಮ್ಮ ಮನೆಯಲ್ಲಿ ತಪ್ಪು ಯಾರದೆಂದು ತನಿಖೆ ನಡೆಸುವ ಪದ್ಧತಿಯಿಲ್ಲ, ಸಮಯ ಉಳಿಯುತ್ತದೆ.) ನಾನು ಪ್ರೆಸ್ಸೊಂದರಲ್ಲಿ ಕರಡು ತಿದ್ದುವವನು. ಬಸ್ಸಿನ ಹಿಂದೆ ಓಡಿ ಓಡಿ ಸಾಕಾಗಿ ಎಲೆಕ್ಟ್ರಿಕ್ ಬೈಕ್ ಬುಕ್ ಮಾಡಿದ್ದೆ. ಅದನ್ನು ತರಲು ಹೊರಟ ಬೆಳಿಗ್ಗೆ ಶ್ರೀಮತಿಯ ಅಪ್ಪಣೆಯಾಯಿತು.

“ಮೊದ್ಲು ಹೆಲ್ಮೆಟ್ಟು, ಆಮೇಲೆ ಗಾಡಿ.”

“ಅದೇನು ಗುಡುಗುಟ್ಟೋ ಗಾಡಿನಾ? ಸದ್ದೇ ಮಾಡಲ್ಲ ಕಣೇ.”

“ಅದಕ್ಕೇ ಹೇಳ್ತಿರೋದು. ನೀವು ಬರ್ತಿರೋದು ಎದುರಿನವ್ರಿಗೆ ಗೊತ್ತಾಗಲ್ಲ. ಎದುರಿನವ್ರು ಬರ್ತಿರೋದು ನಿಮಗೆ ಎಂದೂ ಗೊತ್ತಾಗಿಲ್ಲ. ಬಿಳೀದೇ ತಗೊಳ್ಳಿ, ದೂರಕ್ಕೆ ಕಾಣತ್ತೆ.”

ಅಂಗಡಿಯವನು ಹಣೆಗೆ ಟೇಪು ಸುತ್ತಿ ಅಳತೆ ತೆಗೆದ. ಹೆಲ್ಮೆಟ್ ತೊಡಿಸಿ, “ತಲೆ ಆಡಿಸಿ ಸಾರ್” ಎಂದ. ಮೇಲೆ ಕೆಳಗೆ ಆಡಿಸಿದೆ. ಅದರಲ್ಲಿ ನನ್ನ ಅನುಭವ ಅಪಾರ.

“ಹಾಗಲ್ಲ ಸಾರ್, ಅಡ್ಡಡ್ಡ ಆಡಿಸಿ. ಹೆಲ್ಮೆಟ್ಟು ತಲೆ ಜೊತೆಗೇ ತಿರುಗಬೇಕು.”

ಅಡ್ಡಡ್ಡ ಆಡಿಸಿ ಹದಿನೇಳು ವರ್ಷವಾಗಿತ್ತು. ಕತ್ತು ಕಟಕ್ಕೆಂದಿತು.

ಬಿಳಿಯದು ಸರಿಯಾಗಿಯೇ ಕೂತಿತು. ಆದರೆ ಕನ್ನಡಿಯಲ್ಲಿ ನಾನು ಬೇಯಿಸಿದ ಮೊಟ್ಟೆಯಂತೆ ಕಂಡೆ. ಪಕ್ಕದಲ್ಲಿ ಕರಿಯದೊಂದಿತ್ತು, ಮುಖವೆಲ್ಲ ಮುಚ್ಚುವ ಕಪ್ಪುಗಾಜಿನದು. ತೊಟ್ಟೆ. ನರೆ, ಜೋಲುಗಲ್ಲ, ವಯಸ್ಸು ಎಲ್ಲ ಒಂದೇ ಏಟಿಗೆ ಮಾಯ.

“ಇದು ನಿಮಗೆ ಬಿಗಿ ಸಾರ್, ಕಿವಿ ಮಡಚತ್ತೆ” ಎಂದ ಅಂಗಡಿಯವ. ಸೌಂದರ್ಯಕ್ಕಾಗಿ ಕಿವಿಗಳು ಅಷ್ಟಾದರೂ ತ್ಯಾಗ ಮಾಡಬಾರದೇ?

ಅದನ್ನೇ ತೊಟ್ಟು, ಶೋರೂಮಿನವರು ಪುಕ್ಕಟೆ ಕೊಟ್ಟ ಹಳದಿ ಜಾಕೆಟ್ ಏರಿಸಿ, ಸದ್ದಿಲ್ಲದೆ ಮನೆ ಮುಂದೆ ಬಂದಿಳಿದೆ. ಗಲ್ಲದ ಕೆಳಗಿನ ಕೊಂಡಿಗೆ ಕೈ ಹಾಕಿದರೆ ಅದು ಬಿಡಲೊಲ್ಲದು, ಕಪ್ಪುಗಾಜೂ ಮೇಲೇಳಲೊಲ್ಲದು. ಅಷ್ಟರಲ್ಲಿ ಬಾಗಿಲು ತೆರೆಯಿತು.

“ಬೀರು ಸರಿಸೋಕೆ ಬಂದ್ರಾ? ಬನ್ನಿ ಅಣ್ಣಾ. ಪಾಪ, ಬಿಸಿಲಲ್ಲಿ ಬಂದಿದೀರಿ.”

ನಾನು ಕಲ್ಲಾದೆ. ‘ಅಣ್ಣಾ’ ಒತ್ತಟ್ಟಿಗಿರಲಿ, ಅಂಥ ಬೆಣ್ಣೆಯಂಥ ದನಿ ನಮ್ಮ ಮನೆಯಲ್ಲಿ ಇದೆಯೆಂದೇ ನನಗೆ ತಿಳಿದಿರಲಿಲ್ಲ. “ಲೇ, ನಾನು ಕಣೇ” ಎಂದೆ. ಹೆಲ್ಮೆಟ್ಟಿನಿಂದ “ಹೂಂ ಹೂಂ” ಎಂದಷ್ಟೇ ಹೊರಬಂತು. ಅವಳು ಆಗಲೇ ಕೋಣೆಗೆ ನಡೆದಿದ್ದಳು. ಹಿಂಬಾಲಿಸಿದೆ.

“ನಮ್ಮನೆಯವ್ರೇ ಸರಿಸ್ತಿದ್ರು. ಮೂರು ತಿಂಗಳಿಂದ ಸೊಂಟನೋವು, ಬಗ್ಗೋಕೂ ಆಗಲ್ಲ. ಬಾಯಲ್ಲಿ ನಾನು ಏನೇ ಅಂದ್ರೂ, ಅವ್ರು ನರಳಿದ್ರೆ ನಂಗೆ ನಿದ್ದೆ ಹತ್ತಲ್ಲ. ಅವ್ರು ಬರೋದ್ರೊಳಗೆ ಮುಗಿಸ್ಬಿಡಿ ಅಣ್ಣಾ. ನೋಡಿದ್ರೆ ಕೈ ಹಾಕೋಕೆ ಬಂದ್ಬಿಡ್ತಾರೆ.”

ಇದು ಎರಡನೆಯ ಸಿಡಿಲು. ಬೀರುವಿನಿಂದ ತಪ್ಪಿಸಿಕೊಳ್ಳಲೆಂದೇ ನಾನು ಹುಟ್ಟಿಸಿದ ನೋವನ್ನು ಅವಳು ಇಷ್ಟು ದಿನವೂ ನಂಬಿದ್ದಳು. ನಾಚಿಕೆಯೋ ಪ್ರೀತಿಯೋ, ಏನೋ ಒಂದು ಉಕ್ಕಿತು. ಗೋಡೆಯಂಥ ಕಬ್ಬಿಣದ ಬೀರುವನ್ನು ಅಪ್ಪಿ, ಎತ್ತಿ, ತಳ್ಳಿ, ಕಿಟಕಿಯ ಪಕ್ಕದಿಂದ ಎದುರು ಗೋಡೆಗೆ ಒಬ್ಬನೇ ಸಾಗಿಸಿದೆ.

“ಏನು ಶಕ್ತಿ ಅಣ್ಣಾ ನಿಮ್ದು” ಎಂದಳು. ಮದುವೆಯಾದಂದಿನಿಂದ ನನಗೆ ದೊರೆತ ಮೊದಲ ಪ್ರಶಂಸಾಪತ್ರ.

ಆಗ ಬಾಗಿಲಲ್ಲಿ ಇನ್ನೊಬ್ಬನ ದನಿ ಕೇಳಿಸಿತು. “ಅಕ್ಕಾ, ಬೀರು ಸರಿಸೋಕೆ ಕರೆದಿದ್ರಲ್ಲ?”

ಅವಳು ಅವನನ್ನು ನೋಡಿದಳು. ನನ್ನನ್ನು ನೋಡಿದಳು. ಮೂಲೆಯ ಪೊರಕೆ ಎತ್ತಿಕೊಂಡು, “ಯಾರೋ ನೀನು?” ಎಂದಳು. ಬಹುವಚನ ಹೋಗಿ ಏಕವಚನ ಬಂದಿತ್ತು. (ಕರಡು ತಿದ್ದುವವನಿಗೆ ಇಂಥದ್ದು ತಕ್ಷಣ ಕಣ್ಣಿಗೆ ಬೀಳುತ್ತದೆ.) ನಾನು ಕೊಂಡಿ ತೋರಿಸಿ ಕೈಸನ್ನೆ ಮಾಡಿದೆ. ಬಂದವನೇ ಕನಿಕರಿಸಿ ಕೆಂಪು ಗುಂಡಿ ಒತ್ತಿ ಹೆಲ್ಮೆಟ್ ಕಿತ್ತ. ಕಿವಿಗಳು ಕೊನೆಯಲ್ಲಿ ಬಂದವು.

ಪೊರಕೆ ಕೆಳಗಿಳಿಯಿತು. ಬೀರುವನ್ನೊಮ್ಮೆ, ನೆಟ್ಟಗೆ ನಿಂತ ನನ್ನ ಸೊಂಟವನ್ನೊಮ್ಮೆ ನಿಧಾನವಾಗಿ ನೋಡಿದಳು.

“ಇನ್ಮೇಲೆ ನಿಮ್ಮನ್ನ ಕರೆಯೋ ಅಗತ್ಯ ಬೀಳಲ್ಲ” ಎಂದು ಆತನನ್ನು ಕಳಿಸಿದಳು. ಆಮೇಲೆ ನನಗೆ ಮಂಚ ತೋರಿಸಿದಳು. ಮಂಚದ ನಂತರ ಹೊಲಿಗೆ ಯಂತ್ರ. ಅದರ ನಂತರ ತಾರಸಿಯ ಹೂಕುಂಡಗಳು, ಒಟ್ಟು ಹದಿನಾಲ್ಕು.

ಮರುದಿನ ಅವಳೇ ಹೋಗಿ ಹೆಲ್ಮೆಟ್ ಬದಲಾಯಿಸಿ ಬಿಳಿಯದು ತಂದಿದ್ದಾಳೆ. ಆದರೆ ಗಾಡಿ ಏರುವವರು ಯಾರು? ಇದನ್ನು ನಾನು ಚಾಪೆಯ ಮೇಲೆ ಬೋರಲು ಮಲಗಿ ಬರೆಯುತ್ತಿದ್ದೇನೆ. ಸೊಂಟ ನಿಜವಾಗಿಯೇ ಹಿಡಿದಿದೆ. ಎಡಕ್ಕೂ ಹೊರಳಲಾಗದು, ಬಲಕ್ಕೂ ಹೊರಳಲಾಗದು. ಮನೆಯಲ್ಲಿ ಯಾರೂ ನಂಬುತ್ತಿಲ್ಲ.