ಸಮ್ಮಾರ್ಜನೀಧರ ಮರ್ಡೋನ ಕಡೆಯ ಕಾಳಗ

ಎಲೈ ಉತ್ತರದಿಕ್ಕಿನ ಹಿಮಗಡ್ಡೆಗಳಿರಾ, ಹಿಮವಂತನ ದೂರದ ದಾಯಾದಿಗಳಿರಾ, ಕರಗದೆ ಕೊಂಚ ಕಿವಿಗೊಡಿ! ಸ್ಕಾಟ್ಲೆಂಡ್ ಎಂಬ ಶೀತಲಮಂಡಲದಲ್ಲಿ, ಬಿಸಿಲು ವರ್ಷಕ್ಕೊಮ್ಮೆ ನೆಂಟನಂತೆ ಬಂದುಹೋಗುವ ಕಿಲ್‌ಬ್ರೇಡನ್ ಎಂಬ ಪುರದಲ್ಲಿ, ಹಿಮಘರ್ಷಣಧುರಂಧರನೂ ಜಾನುವೇದನಾತಿರಸ್ಕಾರಿಯೂ ಆದ ಮರ್ಡೋ ಗಾಲ್‌ಬ್ರೇತನು ಅರವತ್ತೊಂದರ ಪ್ರಾಯದಲ್ಲಿ ಮಾಡಿದ ಘೋರಸಮರವನ್ನು ಹೇಳುತ್ತೇನೆ. ಅವನ ಆಯುಧ ಖಡ್ಗವಲ್ಲ, ಗದೆಯೂ ಅಲ್ಲ, ಸಮ್ಮಾರ್ಜನಿ, ಎಂದರೆ ಪೊರಕೆ.

ನಗಬೇಡಿ. ಕರ್ಲಿಂಗ್ ಎಂಬ ಆ ನಾಡಿನ ಕದನದಲ್ಲಿ ಇಪ್ಪತ್ತು ಕಿಲೋ ತೂಕದ ಗುಂಡುಕಲ್ಲನ್ನು ಮಂಜುಗಡ್ಡೆಯ ಮೇಲೆ ಜಾರಿಬಿಡುತ್ತಾರೆ. ದೂರದಲ್ಲಿ ಬರೆದ ವೃತ್ತದ ನಟ್ಟನಡುವಿಗೆ ಯಾರ ಕಲ್ಲು ಹತ್ತಿರವೋ ಅವರಿಗೆ ಜಯ. ಕಲ್ಲಿನ ಮುಂದೆ ಓಡುತ್ತ, ಗಸಗಸನೆ ಗುಡಿಸಿ ಅದಕ್ಕೆ ದಾರಿ ನುಣುಪು ಮಾಡುವವನೇ ನಮ್ಮ ವೀರ. ನಾಲ್ಕು ದಶಕ ಗುಡಿಸಿದ. ರಾಷ್ಟ್ರದ ಪಂದ್ಯಗಳಲ್ಲಿ ಎರಡು ಸಲ ನಾಲ್ಕನೆಯವನಾದ. ನಾರ್ವೆಯ ಮೇಲೆ ದಂಡೆತ್ತಿ ಹೋಗಿ ನೆಗಡಿಯೊಂದನ್ನು ಗೆದ್ದು ತಂದ. ಆದರೆ ಊರ ಕ್ಲಬ್ಬಿನ ಪಂದ್ಯದ ಬೆಳ್ಳಿ ಬಟ್ಟಲ ಮೇಲೆ, ಗೆದ್ದ ಕಂಡಕಂಡವರ ಹೆಸರೆಲ್ಲ ಕೆತ್ತಿದ್ದರೂ ಅವನದಿರಲಿಲ್ಲ. ಹೆಂಡತಿ ಐಲ್ಸಾಳದು ನಾಲ್ಕು ಸಲ ಇತ್ತು. ಮಂಡಿ ನೋಡಿದ ಡಾಕ್ಟರು, ಆಟಕ್ಕೆ ಇದೇ ಕಡೆಯ ವರ್ಷ ಎಂದುಬಿಟ್ಟಿದ್ದರು.

ವಿಧಿಯ ಕುಚೇಷ್ಟೆ ನೋಡಿ, ಆ ಬಟ್ಟಲಿನ ಅಂತಿಮ ಪಂದ್ಯದಲ್ಲಿ ಎದುರು ತಂಡದ ನಾಯಕಿ ಆ ಐಲ್ಸಾಳೇ!

"ಎಲೌ ಶಿಲಾಚಾಲನಚತುರೆ, ನಿನ್ನ ಪಾಷಾಣಸೇನೆಯನ್ನು ನನ್ನ ಸಮ್ಮಾರ್ಜನಿಯ ಚಂಡಮಾರುತದಲ್ಲಿ ತರಗೆಲೆಯಂತೆ ಹಾರಿಸುವೆನು! ನಾಲ್ಕು ಸಲ ಗೆದ್ದ ನಿನ್ನ ಗರ್ವಕ್ಕೆ ಇಂದೇ ಶ್ರಾದ್ಧ!" ಎಂದು ಮರ್ಡೋ ಗರ್ಜಿಸಿದ.

"ಮೊದ್ಲು ಶೂ ದಾರ ಕಟ್ಕೋ ಮರ್ಡೋ, ಮುಗ್ಗರಿಸ್ತೀಯ," ಎಂದಳು ಐಲ್ಸಾ.

ಎರಡು ಗಂಟೆ ಕಾಲ ಕಲ್ಲಿಗೆ ಕಲ್ಲು ತಾಗಿ ದಿಕ್ಕುಗಳು ಮೊಳಗಿದವು. ಅಂಕ ಸಮಸಮ. ಐಲ್ಸಾಳ ಕಲ್ಲೊಂದು ವೃತ್ತದ ನಟ್ಟನಡುವಿಗೆ ತುಸು ಪಕ್ಕದಲ್ಲಿ ಮನೆಯೊಡತಿಯಂತೆ ಕೂತಿತ್ತು. ಮರ್ಡೋನ ನಾಯಕ ಡುಗಲ್ ಪಂದ್ಯದ ಕಟ್ಟಕಡೆಯ ಕಲ್ಲನ್ನು ಬಿಟ್ಟ.

"ಗುಡ್ಸೋ ಮರ್ಡೋ! ಗುಡ್ಸೋ, ಗುಡ್ಸೋ!"

ಗುಡಿಸಿದ! ಮಂಡಿ ಕಟಕಟವೆಂದಿತು, ಬೆವರು ಮಂಜಿಗೆ ಮಳೆಯಾಯಿತು. ಕಲ್ಲು ತೆವಳಿ ತೆವಳಿ ಐಲ್ಸಾಳ ಕಲ್ಲಿನ ಪಕ್ಕಕ್ಕೇ ಬಂದು ನಿಂತಿತು. ಯಾವುದು ಹತ್ತಿರವೆಂದು ಕಣ್ಣಳತೆಗೆ ಸಿಗುವಂತಿರಲಿಲ್ಲ.

ಆದರೆ ಕೊನೆಯ ಗಳಿಗೆಯಲ್ಲಿ ಪೊರಕೆಯ ತುದಿ ಕಲ್ಲಿಗೆ ತಾಗಿತ್ತು. ಯಾರೂ ನೋಡಿರಲಿಲ್ಲ. ಈ ಆಟದ ಧರ್ಮವೋ, ಪೊರಕೆ ಕಲ್ಲಿಗೆ ತಾಗಕೂಡದು, ತಾಗಿದರೆ ತಾಗಿಸಿದವನೇ ಬಾಯಿಬಿಟ್ಟು ಹೇಳಬೇಕು. ಕಳ್ಳನೇ ಪೊಲೀಸೂ ಆಗಬೇಕು. ಹೇಳಿದರೆ ಕಲ್ಲನ್ನು ತೆಗೆಸುವ ಹಕ್ಕು ಎದುರಾಳಿಗೆ. ಹೇಳದಿದ್ದರೆ ಬಟ್ಟಲ ಮೇಲೆ ಹೆಸರು ಬಂದರೂ ಬರಬಹುದು. ನಲವತ್ತು ವರ್ಷದ ಆಸೆ ಬಾಯಿ ಮುಚ್ಚಿಕೊಂಡಿರೋ ಎಂದಿತು. ಕೊನೆಗೂ ಆ ಸತ್ಯಸಂಧನು ಪೊರಕೆಯನ್ನು ಧ್ವಜದಂತೆ ಎತ್ತಿ ಹಿಡಿದ.

"ಕೇಳಿರೈ ಸಭಾಸದರೇ! ಕೀರ್ತಿ ಹೋದರೆ ಹೋಗಲಿ, ಅನೃತದ ಕಳಂಕ ಈ ಕುಂಚಕ್ಕೆ ಬೇಡ!" ಎಂದನೆಂದು ನಾನು ಹೇಳಬೇಕು. ಅವನಂದದ್ದು ಇಷ್ಟೇ: "ತಾಗ್ತು ಕಣ್ರೋ. ನನ್ನ ಪೊರಕೆ ತಾಗ್ತು."

"ನಿನ್ನ ಕೇಳಿದ್ಯಾರೋ?" ಎಂದು ಡುಗಲ್ ಹಣೆ ಚಚ್ಚಿಕೊಂಡ.

ಐಲ್ಸಾ ಬಗ್ಗಿ ಎರಡೂ ಕಲ್ಲುಗಳನ್ನು ನೋಡಿದಳು, ಗಂಡನ ಮುಖವನ್ನೂ ನೋಡಿದಳು. "ಇರ್ಲಿ ಬಿಡಿ, ತೆಗೀಬೇಡಿ."

ಚಪ್ಪಾಳೆಗೆ ಛಾವಣಿ ನಡುಗಿತು. ಎಂಥ ಔದಾರ್ಯ, ಎಂಥ ತ್ಯಾಗ! ಮರ್ಡೋನ ಕಣ್ಣು ತುಂಬಿ ಬಂತು. ಗೆದ್ದೇಬಿಟ್ಟೆನೆಂದು ಅವನು ಮೂಗೊರೆಸಿಕೊಳ್ಳುವಷ್ಟರಲ್ಲಿ ಅಳತೆಗೋಲು ತಂದು ವೃತ್ತದ ನಡುವಿಗೆ ನೆಟ್ಟು ಸುತ್ತ ತಿರುಗಿಸಿದರು. ಐಲ್ಸಾಳ ಕಲ್ಲೇ ಹತ್ತಿರವಿತ್ತು, ಒಂದು ಬಿಸ್ಕತ್ತಿನ ದಪ್ಪದಷ್ಟು.

ಈ ಆಟದಲ್ಲಿ ಗೆದ್ದವರು ಸೋತವರಿಗೆ ಉಪಚಾರ ಮಾಡಬೇಕು. ಐಲ್ಸಾ ಟೀ ತಂದು ಅವನ ಮುಂದಿಟ್ಟಳು.

"ನಿನ್ನ ಕಲ್ಲೇ ಹತ್ರ ಅಂತ ನಿಂಗೆ ಮೊದ್ಲೇ ಗೊತ್ತಿತ್ತಾ?"

"ನಂಗೇನು ಕಣ್ಣು ಕಾಣಲ್ವಾ?"

"ಹಾಗಾದ್ರೆ ನಾನು ಸುಮ್ನೆ ಇದ್ದಿದ್ರೂ..."

"ಸೋಲ್ತಿದ್ದೆ. ಆದ್ರೂ ಹೇಳಿದ್ಯಲ್ಲ, ನಂಗೆ ಖುಷಿಯಾಯ್ತು."

ತ್ಯಾಗವೀರನಿಗೆ ತ್ಯಾಗ ಮಾಡಲು ಏನೂ ಇರಲಿಲ್ಲವೆಂದು ತಿಳಿದು ಬಹಳ ಬೇಜಾರಾಯಿತು. ಟೀ ಗುಟುಕರಿಸಿ, ಕಪಾಟಿನಲ್ಲಿದ್ದ ಬಟ್ಟಲನ್ನು ದಿಟ್ಟಿಸಿದ. 'ಐಲ್ಸಾ ಗಾಲ್‌ಬ್ರೇತ್' ಎಂದು ಇನ್ನು ಐದನೆಯ ಸಲ ಕೆತ್ತುತ್ತಾರೆ.

"ಗಾಲ್‌ಬ್ರೇತ್ ಅನ್ನೋದು ನಮ್ಮಪ್ಪನ ಮನೆ ಹೆಸರು ತಾನೆ?"

"ಹೂಂ, ಅದಷ್ಟು ನಿಂದೇ ಅಂದ್ಕೋ," ಎಂದಳು ಐಲ್ಸಾ. "ಟೀ ಆರೋಗ್ತಿದೆ, ಕುಡಿ."